ಕುರಿ ಎಣಿಸದ ಹುಡುಗಿ

ಆಟದ ನಡುವೆ ಮಕ್ಕಳು ಎದ್ದು ಹೋಗುವುದು ಹೊಸದಲ್ಲ. ಸೋತರೆ ಹೋಗುತ್ತಾರೆ. ಒಂದಕ್ಕೆ ಬಂದರೆ ಹೋಗುತ್ತಾರೆ. ಹೊರಗೆ ಐಸ್ ಕ್ಯಾಂಡಿಯವನ ಗಂಟೆ ಕೇಳಿದರಂತೂ ಕೇಳುವುದೇ ಬೇಡ. ಆದರೆ ದುರ್ಗಾ ಎದ್ದು ಹೋದದ್ದು ಹಾಗಲ್ಲ. ಕೈಯಲ್ಲಿದ್ದ ಹುಣಸೆಬೀಜಗಳನ್ನು ಒಂದೂ ಉರುಳದ ಹಾಗೆ ಚಾಪೆಯ ಮೇಲಿಟ್ಟಳು. ಪಕ್ಕದಲ್ಲಿ ಕೂತಿದ್ದ ತಂಗಿಯ ಕೈ ಹಿಡಿದಳು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದಳು.

ಆಟ ನನ್ನದು. ತಪ್ಪೂ ನನ್ನದೇ ಎಂದು ತಿಳಿಯಲು ಆ ದಿನ ಸಂಜೆಯವರೆಗೆ ಬೇಕಾಯಿತು.

ನಿಮಗೆ ನೆನಪಿರಬಹುದು. ಮಗ್ಗಿ ಎಂದರೆ ಹೊಟ್ಟೆನೋವು ಅನ್ನುತ್ತಿದ್ದ ನನ್ನ ಮಗಳು ಅಳಗುಳಿಮಣೆ ಆಡಿ ಆಡಿ ಲೆಕ್ಕ ಕಲಿತ ಕತೆಯನ್ನು ಇದೇ ಅಂಕಣದಲ್ಲಿ ಬರೆದಿದ್ದೆ. (ಮಗಳು ಈಗ ಬಿ.ಕಾಂ. ಓದುತ್ತಿದ್ದಾಳೆ. ಆ ಲೇಖನ ಬಂದ ದಿನ ನನ್ನ ಜೊತೆ ಎರಡು ಹೊತ್ತು ಮಾತು ಬಿಟ್ಟಿದ್ದಳು.) ಅದನ್ನು ಓದಿದವರಲ್ಲಿ ಸುನಂದಾ ಟೀಚರ್ ಒಬ್ಬರು. ಹೊನ್ನಾಳಿಯಲ್ಲಿ ಕಾಲೇಜು ಓದುವಾಗ ನನ್ನ ಬೆಂಚಿನವರು. ಊರು ಚನ್ನಗಿರಿ ಕಡೆಯ ಕೆರೆಬಿಳಚಿ, ಕೆಲಸ ಇಲ್ಲಿ, ಬಿಳಿಚೋಡಿನಿಂದ ಒಳಗೆ ಮೂರು ಕಿಲೋಮೀಟರ್ ಇರುವ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ. ಫೋನ್ ಮಾಡಿ, ಮನೆಯಲ್ಲಿ ಕೂತು ಬರೆದರೆ ನಮ್ಮ ಮಕ್ಕಳಿಗೆ ಲೆಕ್ಕ ಬರುತ್ತದಾ, ಬಂದು ಆಡಿಸಬಾರದಾ ಎಂದು ಜಾಡಿಸಿದರು.

ಹೋದೆ. ಶನಿವಾರ ಬೆಳಗಿನ ಶಾಲೆ. ಜಗಳೂರಿನಲ್ಲಿ ಏಳು ಗಂಟೆಯ ಬಸ್ಸು ಹಿಡಿದರೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಲುಪಬಹುದು. ಬಟ್ಟೆಚೀಲದಲ್ಲಿ ತವರಿನಿಂದ ತಂದ ಅಳಗುಳಿಮಣೆ, ಆರು ಕವಡೆ, ತೊಳೆದು ಮಾಳಿಗೆ ಮೇಲೆ ಒಣಗಿಸಿದ ಒಂದು ಡಬ್ಬಿ ಹುಣಸೆಬೀಜ. ಕಂಡಕ್ಟರ್ ಒಮ್ಮೆ ಚೀಲ ಮುಟ್ಟಿ ನೋಡಿ, ಏನ್ರೀ ಅಕ್ಕಾರೆ ಇದು, ತೊಟ್ಟಿಲ ಹಲಗೇನಾ ಅಂದ. ಎರಡು ತಿಂಗಳಾಗುವಾಗ ಅವನೇ ಮಣೆಗೆ ಸೀಟು ಹುಡುಕಿ ಕೊಡುತ್ತಿದ್ದ.

ಮಕ್ಕಳಿಗೆ ಆಟ ಹಿಡಿಸಿತು. ಕಪ್ಪುಹಲಗೆಯ ಮುಂದೆ ನಿಂತರೆ ನಾಲಿಗೆ ಕಚ್ಚಿಕೊಳ್ಳುವವರು ಚಾಪೆಯ ಮೇಲೆ ಕೂತರೆ ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಾರೆ. ಹಲಗೆಯ ಮೇಲೆ ತಪ್ಪಿದರೆ ದಡ್ಡ. ಆಟದಲ್ಲಿ ತಪ್ಪಿದರೆ ಇನ್ನೊಂದು ಸರದಿ. ಇಷ್ಟೇ ವ್ಯತ್ಯಾಸ. ಆದರೆ ಇಷ್ಟರಲ್ಲೇ ಎಲ್ಲ ಇದೆ ಎಂದು ನಾನು ಈಗಲೂ ನಂಬುತ್ತೇನೆ.

ಐದನೇ ಕ್ಲಾಸಿನ ದುರ್ಗಾ ಮಾತ್ರ ಆಡುತ್ತಿರಲಿಲ್ಲ. ಮನೆಯಲ್ಲಿ ದುರುಗಮ್ಮ, ಹಾಜರಿ ಪುಸ್ತಕದಲ್ಲಿ ದುರ್ಗಾ. ಕನ್ನಡ ಪಾಠವನ್ನು ನೀರು ಕುಡಿದ ಹಾಗೆ ಓದುವ ಹುಡುಗಿ, ಲೆಕ್ಕ ಅಂದ ಕೂಡಲೇ ಬಾಯಿ ಹೊಲಿದುಕೊಳ್ಳುತ್ತಿದ್ದಳು. ಅವಳ ಬದಿಗೆ ಅಂಟಿಕೊಂಡು ಎರಡನೇ ಕ್ಲಾಸಿನ ತಂಗಿ ಲಚ್ಚಿ. ಇವಳು ಅಕ್ಕನಿಗೆ ಪೂರ್ತಿ ಉಲ್ಟಾ. ಕಂಡಿದ್ದನ್ನೆಲ್ಲ ಎಣಿಸುವವಳು. ಮೊದಲ ದಿನವೇ ನನ್ನ ಎರಡೂ ಕೈ ಹಿಡಿದು ನೋಡಿ, “ಈ ಕೈಯಾಗೆ ಆರು ಬಳೆ, ಆ ಕೈಯಾಗೆ ಐದು. ಒಂದು ಎಲ್ಲಿ ಒಡಕಂಡ್ರಿ ಮೇಡಂ?” ಎಂದು ವಿಚಾರಣೆ ಮಾಡಿದ್ದಳು. (ಪಾತ್ರೆ ತೊಳೆಯುವಾಗ ಒಡೆದಿತ್ತು. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.)

ದುರ್ಗಾಳಿಗೆ ಲೆಕ್ಕ ಬರಲೇಬೇಕಾದ ಕಾರಣ ಒಂದಿತ್ತು. ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಪಾಸಾದರೆ ಆರನೇ ಕ್ಲಾಸಿನಿಂದ ಊಟ, ವಸತಿ, ಓದು ಎಲ್ಲ ಅಲ್ಲೇ. ಇಲ್ಲದಿದ್ದರೆ ಕುರಿ ಹಿಂಡಿನ ಹಿಂದೆ. ಅವರದು ಕುರಿ ಸಾಕುವ ಮನೆ. ದೀಪಾವಳಿ ಕಳೆದು ಕೆಳಗಿನ ಸೀಮೆಯಲ್ಲಿ ಭತ್ತದ ಕೊಯ್ಲು ಶುರುವಾದರೆ ಅಪ್ಪ, ಅವ್ವ, ಚಿಕ್ಕಪ್ಪ ಹಿಂಡು ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ ಕಡೆ ಇಳಿಯುತ್ತಾರೆ. ಕೊಯ್ದ ಗದ್ದೆಯಲ್ಲಿ ಕುರಿಗೆ ಮೇವು, ಗದ್ದೆಯವರಿಗೆ ಗೊಬ್ಬರ. ತಿರುಗಿ ಬರುವುದು ಇಲ್ಲಿ ಮುಂಗಾರು ಬಿದ್ದ ಮೇಲೆ. ಹೆಣ್ಣುಮಕ್ಕಳಿಬ್ಬರೂ ಅಜ್ಜಿಯ ಹತ್ತಿರ ಇರುತ್ತಿದ್ದರು.

ಈ ಸಲ ಅಪ್ಪ ಹನುಮಂತಪ್ಪ ಹೊರಡುವ ಮೊದಲೇ ಶಾಲೆಗೆ ಬಂದ. ಕಂಬಳಿ ಹೆಗಲ ಮೇಲಿತ್ತು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಬಾಗಿಲ ಹೊರಗೆ ನಿಂತೇ ಸುನಂದಾ ಟೀಚರಿಗೆ ಹೇಳಿದ:

“ಪಾಸಾಗ್ತಾಳೋ ಇಲ್ವೋ ಅಷ್ಟು ಹೇಳಿಬಿಡ್ರಿ ಟೀಚರ್. ಆಗಂಗಿಲ್ಲ ಅಂದ್ರೆ ಕರ್ಕಂಡು ಹೋಗ್ತೀನಿ. ಮರಿ ನೋಡ್ಕಣಾಕೆ ಜನ ಇಲ್ಲ.”

ಎರಡು ವಾರ ಟೈಮ್ ಕೊಡಿ ಎಂದು ಟೀಚರ್ ಕೇಳಿದರು. ಆತ ಒಪ್ಪಿಕೊಂಡ. ನಾನೂ ಅಲ್ಲೇ ಇದ್ದೆ. ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಎರಡು ವಾರದಲ್ಲಿ ಈ ಹುಡುಗಿಯ ಬಾಯಿ ಬಿಡಿಸಬೇಕು ಎಂದು ಬಸ್ಸಿನಲ್ಲಿ ಬರುತ್ತಾ ಪಣ ತೊಟ್ಟೆ.

ಮಕ್ಕಳ ಸುತ್ತಮುತ್ತ ಇರುವುದನ್ನೇ ತೆಗೆದುಕೊಂಡು ಕಲಿಸಿ ಎಂದು ಎಲ್ಲರೂ ಹೇಳುತ್ತಾರಲ್ಲ? ಹಾಗೇ ಮಾಡಿದೆ. ಹಳೇ ಬೆಡ್‌ಶೀಟಿನ ಮೇಲೆ ಚೌಕಾಬಾರದಂಥ ಮನೆಗಳನ್ನು ಬರೆದೆ. ಒಬ್ಬೊಬ್ಬರಿಗೆ ಮೂವತ್ತು ಹುಣಸೆಬೀಜ. ಅವೇ ಕುರಿಗಳು. ಕವಡೆ ಹಾಕಿ ನಡೆಯಬೇಕು. ಹುಲ್ಲಿನ ಮನೆಗೆ ಬಂದರೆ ಕುರಿ ಹೆಚ್ಚುತ್ತವೆ, ತೋಳದ ಮನೆಗೆ ಬಂದರೆ ಇಷ್ಟು ಸಾಯುತ್ತವೆ. ಉಳಿದದ್ದೆಷ್ಟು ಎಂದು ಗಟ್ಟಿಯಾಗಿ ಹೇಳಬೇಕು. ಕೂಡುವುದು, ಕಳೆಯುವುದು ಎರಡೂ ಆಯಿತು. ತೋಳದ ಚಿತ್ರ ಮಗಳು ಬರೆದುಕೊಟ್ಟಳು. ನನ್ನ ಜಾಣತನಕ್ಕೆ ನಾನೇ ಮರುಳಾದೆ.

ಮೊದಲ ಸಲ ದುರ್ಗಾ ಚಾಪೆಯ ಮೇಲೆ ಬಂದು ಕೂತಳು. ಆದರೆ ಬೀಜಗಳ ಮೇಲೆ ಅಂಗೈ ಮುಚ್ಚಿಕೊಂಡು. ಎಷ್ಟಿವೆ ಹೇಳು ಎಂದೆ. ಹೇಳಲಿಲ್ಲ. ಕವಡೆ ಅವಳನ್ನು ತೋಳದ ಮನೆಗೆ ಒಯ್ದಿತು. ಪಕ್ಕದ ಹುಡುಗಿ ಖುಷಿಯಿಂದ ಕೂಗಿದಳು, ದುರ್ಗಾನವು ನಾಕು ಕುರಿ ಸತ್ತವು.

ಆಗಲೇ ಅವಳು ಎದ್ದು ಹೋದದ್ದು.

ಶಾಲೆ ಬಿಟ್ಟ ಮೇಲೆ ಅವಳು ಬಿಟ್ಟುಹೋದ ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಟೀಚರೂ ಅವರ ಮನೆಗೆ ಹೋದೆವು. ದುರ್ಗಾ ಇರಲಿಲ್ಲ, ಮರಿಗಳಿಗೆ ಸೊಪ್ಪು ತರಲು ಹೋಗಿದ್ದಳು. ಅಜ್ಜಿ ಜಗಲಿಯಲ್ಲಿ ಉಣ್ಣೆ ನೂಲುತ್ತಿತ್ತು. ಲಚ್ಚಿ ನಮ್ಮನ್ನು ಕಂಡದ್ದೇ ಓಡಿಬಂದು ಚಪ್ಪಲಿ ಇಸಿದುಕೊಂಡಳು. ಅಕ್ಕ ಯಾಕೆ ಎದ್ದು ಬಂದಳೇ ಎಂದು ಟೀಚರ್ ಕೇಳಿದರು. ಲಚ್ಚಿ ಅಜ್ಜಿಯ ಕಡೆ ಒಮ್ಮೆ ನೋಡಿ, ಗುಟ್ಟು ಹೇಳುವವಳ ಹಾಗೆ ಟೀಚರ ಸೆರಗು ಜಗ್ಗಿದಳು.

“ಅಕ್ಕ ಕುರಿ ಎಣಿಸಿದ್ಲಲ್ಲ, ಅದ್ಕೇ ಸತ್ವಂತೆ. ಅವತ್ತಿಂದ ಏನೂ ಎಣಿಸಲ್ಲ ಅವ್ಳು.”

ಯಾವಾಗ ಎಣಿಸಿದಳು?

ಮೂರನೇ ಕ್ಲಾಸಿನಲ್ಲಿ ಎಂದು ಅಜ್ಜಿಯೇ ಹೇಳಿತು. ‘ನಿಮ್ಮ ಮನೆಯ ಪ್ರಾಣಿಗಳನ್ನು ಎಣಿಸಿ ಬರೆಯಿರಿ’ ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ಕೊಟ್ಟವರು ಇದೇ ಸುನಂದಾ ಟೀಚರ್. ದುರ್ಗಾ ರೊಪ್ಪದ ಬಾಗಿಲಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯ ಬಾಗಿಲಲ್ಲಿ ನಿಂತು, ಬೆರಳು ತೋರಿಸಿ, ಬಾಯಿಬಿಟ್ಟು ಅಷ್ಟನ್ನೂ ಎಣಿಸಿ ಬರೆದುಕೊಂಡು ಹೋಗಿದ್ದಳು. ಆ ವರ್ಷ ಬಿಡದೆ ಮಳೆ ಹಿಡಿಯಿತು. ಕೆಸರಲ್ಲಿ ನಿಂತು ನಿಂತು ಕುರಿಗಳಿಗೆ ರೋಗ ಬಂತು. ದಿನಾ ಬೆಳಗಾದರೆ ಒಂದೆರಡು ಏಳುತ್ತಿರಲಿಲ್ಲ. ಆ ದುಃಖದಲ್ಲಿ ಅಜ್ಜಿ ಒಂದು ದಿನ ಮೊಮ್ಮಗಳಿಗೆ, ನೀನು ಎಣಿಸಿದೆಯಲ್ಲ, ನೋಡು ಈಗ ಅಂದುಬಿಟ್ಟಿತ್ತು. ಅಂದದ್ದು ಒಂದೇ ಸಲ.

ಹಳೇ ಪ್ರಾಜೆಕ್ಟ್ ಪುಸ್ತಕ ಶಾಲೆಯ ಬೀರುವಿನಲ್ಲಿ ಈಗಲೂ ಇದೆ, ಮುಂದಿನ ಸಲ ಟೀಚರ್ ನನಗೆ ತೋರಿಸಿದರು. ಎಮ್ಮೆ ಒಂದು, ನಾಯಿ ಎರಡು, ಕೋಳಿ ಒಂಬತ್ತು, ಕುರಿ ಅರವತ್ತನಾಲ್ಕು. ಕೆಳಗೆ ಕೆಂಪು ಇಂಕಿನಲ್ಲಿ ವೆರಿ ಗುಡ್.

ನಾಚಿಕೆಯಾಗಬೇಕಾದವಳು ಇನ್ನೊಬ್ಬಳಿದ್ದಳು, ನಾನು. ನನ್ನ ತವರು ಗೋವಿನಕೋವಿ. ಈ ಕಡೆಯ ಹಿಂಡುಗಳು ಇಳಿಯುತ್ತಿದ್ದದ್ದು ನಮ್ಮ ಗದ್ದೆಗೇ. ಏಳೆಂಟು ವರ್ಷದವಳಿದ್ದಾಗ ಬದುವಿನ ಮೇಲೆ ಕೂತು ಕುರಿ ಎಣಿಸುತ್ತಿದ್ದೆ. ಹಿಂಡಿನ ಜೊತೆ ಬಂದಿದ್ದ ಒಬ್ಬ ಮುದುಕಿ ಹತ್ತಿರ ಬಂದು ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟು, ಬ್ಯಾಡ ಮಗಾ, ಬಾಯಾಗೆ ಎಣಿಸಬಾರದು ಅಂದಿದ್ದಳು. ಕೈ ಉಣ್ಣೆಯ ವಾಸನೆ ಬರುತ್ತಿತ್ತು. ನಮ್ಮವ್ವನೂ ಬುಟ್ಟಿಯಲ್ಲಿನ ರೊಟ್ಟಿ ಎಣಿಸಲು ಬಿಡುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದವಳು ನಾನು. ಗೊತ್ತಿದ್ದೂ ಕುರಿ ಕಾಯುವವರ ಮಗಳ ಮುಂದೆ ಕುರಿ ಸುರುವಿ, ಸಾಯಿಸಿ, ಉಳಿದದ್ದೆಷ್ಟು ಗಟ್ಟಿಯಾಗಿ ಹೇಳು ಅಂದಿದ್ದೆ. ಆಟ ಆಡಿಸುವ ಉಮೇದಿನಲ್ಲಿ ಅದು ಯಾರ ಅಂಗಳ ಎಂದು ನೋಡಿರಲಿಲ್ಲ.

ಏಳು ಗಂಟೆಗೆ ಕೊನೆಯ ಬಸ್ಸು. ಅಲ್ಲಿಯವರೆಗೆ ಇರೋಣ ಅಂದರು ಟೀಚರ್.

ಹೊತ್ತು ಇಳಿಯುವಾಗ ಹಿಂಡು ಬಂತು. ನೀವು ನೋಡಿದ್ದೀರೋ ಇಲ್ಲವೋ, ತಾಯಿಕುರಿಗಳು ಮೇಯಲು ಹೋದಾಗ ಎಳೇ ಮರಿಗಳನ್ನು ಬೇರೆ ಗೂಡಿನಲ್ಲಿ ಕೂಡಿರುತ್ತಾರೆ. ಸಂಜೆ ತಾಯಿಗಳು ಬಂದ ಮೇಲೆ ಬಾಗಿಲು ತೆಗೆಯುತ್ತಾರೆ. ಆಮೇಲೆ ಐದು ನಿಮಿಷ ಕಿವಿ ಕೇಳುವುದಿಲ್ಲ. ಮರಿ ಕೂಗುವುದು, ತಾಯಿ ಕೂಗುವುದು, ಮೂಸುವುದು, ಒದೆಯುವುದು. ಹಾಗೇ ಒಂದೊಂದಾಗಿ ಸದ್ದು ಇಳಿಯುತ್ತದೆ. ಪ್ರತಿ ಮರಿಗೂ ತಾಯಿ ಸಿಕ್ಕಿತು ಅಂತ ಅರ್ಥ.

ಬಾಗಿಲು ತೆಗೆಯುವ ಕೆಲಸ ದುರ್ಗಾಳದು. ಒಮ್ಮೆಗೇ ತೆಗೆಯದೆ ನಾಲ್ಕೈದು ಮರಿಗಳನ್ನು ಬಿಟ್ಟು, ಅವು ಸೇರಿಕೊಂಡ ಮೇಲೆ ಇನ್ನಷ್ಟು ಬಿಟ್ಟಳು. ಜೋಡಿ ಮರಿ ಹಾಕಿದ ಕುರಿಗೆ ಎರಡನ್ನೂ ಹಿಡಿದು ಒಯ್ದು ಕೊಟ್ಟಳು. ಕೊನೆಗೆ ಒಂದು ಕರಿ ಮರಿ ಮಾತ್ರ ಕೂಗುತ್ತಾ ಉಳಿಯಿತು.

“ಅಪ್ಪಾ, ಒಂದು ಕುರಿ ಹಿಂದೆ ಉಳದೈತೆ,” ಅಂದಳು.

ಹೆಂಗೆ ಗೊತ್ತಾತೇ ನಿಂಗೆ ಎಂದು ಟೀಚರ್ ಕೇಳಿದರು. ಈ ಪ್ರಶ್ನೆಗೆ ಮಾತ್ರ ದುರ್ಗಾ ತಲೆ ಎತ್ತಿ ಟೀಚರ ಮುಖವನ್ನೇ ನೋಡಿದಳು. ಇಷ್ಟೂ ತಿಳಿಯದಾ ಎನ್ನುವಂತೆ.

“ಈ ಮರಿಗೆ ಅವ್ವ ಇಲ್ಲ ನೋಡ್ರಿ.”

ಚಿಕ್ಕಪ್ಪ ಹಳ್ಳದ ಕಡೆ ಹೋಗಿ ಬೇಲಿಗೆ ಸಿಕ್ಕಿಕೊಂಡಿದ್ದ ಕುರಿಯನ್ನು ಹೊಡೆದುಕೊಂಡು ಬಂದ.

ಅಷ್ಟರಲ್ಲಿ ಟೀಚರ್ ಹನುಮಂತಪ್ಪನನ್ನು ಬದಿಗೆ ಕರೆದು ಎಲ್ಲ ಹೇಳಿದ್ದರು. ಆತನಿಗೆ ಇದು ಗೊತ್ತೇ ಇರಲಿಲ್ಲ. ಮಗಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮಾತಾಡಿದ. “ನಾನೂ ಎಣಿಸಲ್ಲ ಕಣವ್ವ. ಅದು ನಮ್ಮ ಹಿರೇರು ನಡೆಸಿಕೊಂಡು ಬಂದದ್ದು. ಆದ್ರೆ ಅವು ಸತ್ತಿದ್ದು ಕೆಸರಿಗೆ. ನಿನ್ನ ಬಾಯಿಂದ ಅಲ್ಲ.” ದುರ್ಗಾ ಕರಿ ಮರಿಯ ಕಿವಿ ಹಿಡಿದುಕೊಂಡು ನಿಂತಿದ್ದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಯಿತು.

ಆಮೇಲಿನ ಒಂದು ವಾರ ಟೀಚರ್ ಪಟ್ಟ ಪಾಡು ದೊಡ್ಡದು. ತೋಳದ ಬೆಡ್‌ಶೀಟು ನನ್ನ ಮನೆಗೆ ವಾಪಸಾಯಿತು (ಈಗ ಹಪ್ಪಳ ಒಣಗಿಸಲು ಇದೆ). ಅಳಗುಳಿಮಣೆ ಮಾತ್ರ ಅಲ್ಲೇ ಉಳಿಯಿತು. ಎಣಿಸು ಎಂದು ಟೀಚರ್ ಹೇಳುವುದನ್ನೇ ಬಿಟ್ಟರು. ಹಂಚು ಅಂದರು. ಒಂದೊಂದು ಗುಳಿಗೂ ಒಂದೊಂದು ಬೀಜ ಹಾಕುತ್ತಾ ಹೋಗು, ಮುಗಿದರೆ ಮತ್ತೆ ಮೊದಲಿನಿಂದ, ಕೊನೆಗೆ ಪೂರ್ತಿ ಸುತ್ತಿಗೆ ಸಾಲದೆ ಕೈಯಲ್ಲಿ ಉಳಿದದ್ದು ಯಾವುದು ನೋಡು. ಮರಿ ಬಿಡುವ ಹಾಗೇ. ಎರಡನೇ ದಿನ ದುರ್ಗಾ ಒಂದು ಬೀಜವನ್ನು ಬೆರಳಲ್ಲಿ ಹಿಡಿದು ಕೇಳಿದಳಂತೆ, ಇವು ಬರೀ ಬೀಜ ಅಲ್ವ ಟೀಚರ್? ಬರೀ ಬೀಜ ಕಣೇ ಅಂದರಂತೆ ಇವರು. ಅದಾದ ಮೇಲೆ ಅವಳು ಎಣಿಸಿದಳು. ಮೊದಲು ತುಟಿಯಲ್ಲಿ, ಆಮೇಲೆ ದನಿಯಲ್ಲಿ.

ಆದರೂ ಒಂದು ದೋಷ ಉಳಿದಿತ್ತು. ವಾಕ್ಯರೂಪದ ಲೆಕ್ಕ ಕೊಟ್ಟರೆ ಅರ್ಧ ಓದಿ ಉತ್ತರ ಬರೆದುಬಿಡುತ್ತಿದ್ದಳು. ಒಬ್ಬೊಬ್ಬರಿಗೆ ಎಷ್ಟು ಸಿಕ್ಕಿತು ಎಂದು ಕಂಡುಹಿಡಿದು ಅಲ್ಲಿಗೇ ನಿಲ್ಲಿಸುವುದು. ಕೇಳಿದ್ದು ಉಳಿದದ್ದೆಷ್ಟು ಅಂತ. ಟೀಚರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ಪ್ರಶ್ನೆ ಪೂರ್ತಿ ಓದು, ಕೊನೇ ಸಾಲಿನಾಗೇ ಇರೋದು ವಿಷಯ.

ಹನುಮಂತಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಈ ಸಲ ಒಳಗೆ ಬಂದು ಗೋಡೆಗೆ ಒರಗಿ ಕೂತ. ಟೀಚರ್ ಹಲಗೆಯ ಮೇಲೆ ಬರೆದರು. ನಲವತ್ತೈದು ಮಾವಿನಹಣ್ಣನ್ನು ಆರು ಮಕ್ಕಳಿಗೆ ಸಮನಾಗಿ ಹಂಚಿದರೆ ಉಳಿಯುವ ಹಣ್ಣುಗಳೆಷ್ಟು? ದುರ್ಗಾ ಮಣೆಯನ್ನು ಮುಂದೆ ಎಳೆದುಕೊಂಡಳು. ಒಂದು ಸಾಲಿನ ಏಳು ಗುಳಿಗಳಲ್ಲಿ ಕೊನೆಯದನ್ನು ಕರ್ಚೀಪಿನಿಂದ ಮುಚ್ಚಿದಳು. ನಲವತ್ತೈದು ಬೀಜ ತೆಗೆದುಕೊಂಡು ಒಂದೊಂದೇ ಹಾಕುತ್ತಾ ಬಂದಳು. ಏಳು ಸುತ್ತು. ಅಂಗೈ ಬಿಚ್ಚಿದಳು.

“ಒಬ್ಬೊಬ್ರಿಗೆ ಏಳು. ಮೂರು ಉಳದಾವೆ,” ಅಂದಳು. ಗಟ್ಟಿಯಾಗಿಯೇ.

ಇನ್ನೆರಡು ಲೆಕ್ಕವನ್ನು ಮಣೆ ಮುಟ್ಟದೆ ಸ್ಲೇಟಿನಲ್ಲಿ ಮಾಡಿದಳು. ಅಪ್ಪನಿಗೆ ಸ್ಲೇಟು ಓದಲು ಬಾರದು. ಆದರೆ ಮಗಳ ದನಿ ಕೇಳಿಸಿತ್ತು. ಆತ ಎದ್ದು ಕಂಬಳಿ ಕೊಡವಿಕೊಂಡ. “ಆತು ಬಿಡ್ರಿ. ಇವಳು ಇರ್ಲಿ, ಪರೀಕ್ಷೆ ಬರೀಲಿ.”

ನಾನು, ಟೀಚರ್ ಇಬ್ಬರೂ ಸ್ಟಾಫ್ ರೂಮಿಗೆ ಹೋಗಿ ಕಣ್ಣು ಒರೆಸಿಕೊಂಡೆವು. ಲಚ್ಚಿ ನನ್ನ ಬಳೆ ಎಣಿಸಿ, “ಈಗ ಸರಿ ಆದ್ವು ನೋಡ್ರಿ, ಆರು, ಆರು,” ಎಂದು ಸರ್ಟಿಫಿಕೇಟ್ ಕೊಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲೇ ಈ ವಾರದ ಅಂಕಣ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಆಟದಿಂದ ಪಾಠ, ಹೀಗೇನೋ ಒಂದು ಹೆಡ್ಡಿಂಗೂ ಸಿಕ್ಕಿತ್ತು. ಆ ಲೇಖನ ನೀವು ಓದುತ್ತಿಲ್ಲ.

ಮೊನ್ನೆ ಶನಿವಾರ ಹೋದಾಗ ಮಕ್ಕಳು ಮಣೆಯ ಸುತ್ತ ಕೂತಿದ್ದರು. ಹಿಂಡು ಸೋಮವಾರವೇ ಹೊರಟಿತ್ತು. ಒಂದೊಂದು ಗುಳಿ ಒಬ್ಬೊಬ್ಬರದು ಎಂದು ಅವರೇ ಮಾಡಿಕೊಂಡ ನಿಯಮ. ದುರ್ಗಾ ಬೀಜ ಹಂಚುತ್ತಿದ್ದಳು. ಅವಳ ಪಕ್ಕದ ಜಾಗ ಖಾಲಿ ಇತ್ತು. ಮೈ ಹುಷಾರಿಲ್ಲವಾ ಲಚ್ಚಿಗೆ ಎಂದು ಕೇಳಿದೆ.

ದುರ್ಗಾ ಹಂಚುವುದನ್ನು ನಿಲ್ಲಿಸಲಿಲ್ಲ. “ಅಪ್ಪನ ಸಂಗಡ ಹೋದ್ಲು ಮೇಡಂ. ಮರಿ ನೋಡ್ಕಣಾಕೆ ಯಾರಾರ ಬೇಕಲ್ಲ?”

ಟೀಚರ್ ಹಾಜರಿ ಪುಸ್ತಕ ತೆಗೆದು ನೋಡಿದರು, ಮುಚ್ಚಿದರು. ಸೋಮವಾರದಿಂದ ಗೈರು, ಜ್ವರ ಇರಬೇಕು ಅಂದುಕೊಂಡಿದ್ದರಂತೆ. ಫೋನ್ ಮಾಡಿದೆವು. ಹೊನ್ನಾಳಿ ದಾಟಿದ್ದೇವೆ ಅಂದ ಹನುಮಂತಪ್ಪ. ಸಿಟ್ಟಿಲ್ಲ, ಮುಚ್ಚುಮರೆ ಇಲ್ಲ. ಆತನ ಹೆಂಡತಿ ಅಡುಗೆ, ನೀರು ನೋಡಬೇಕು, ಗಂಡಸರಿಬ್ಬರೂ ಹಿಂಡಿನ ಹಿಂದೆ ಹೋಗಬೇಕು, ಮೇಯಲು ಹೋಗಲಾರದ ಎಳೇ ಮರಿಗಳ ಹತ್ತಿರ ಹಗಲೆಲ್ಲ ಒಂದು ಜೀವ ಇರಬೇಕು. ಮೊದಲ ದಿನ ಹೇಳಿದ್ದೆನಲ್ರೀ ಅಂದ. ದೊಡ್ಡಕೆಯನ್ನು ನೀವು ಇಟ್ಟುಕೊಂಡ್ರಿ, ಅದಕ್ಕೆ ಸಣ್ಣಕೆಯನ್ನು ಕರಕೊಂಡು ಬಂದೆ. ಮುಂಗಾರಿಗೆ ಬರುತ್ತಾಳೆ, ಆಗ ಶಾಲೆಗೆ ಕಳಿಸುತ್ತೇನೆ ಅಂದ. ಅಷ್ಟರಲ್ಲಿ ಒಂದು ವರ್ಷದ ಪಾಠ ಮುಗಿದಿರುತ್ತದೆ ಎಂದು ಟೀಚರ್ ಹೇಳಿದರು.

ಹೌದು, ಹೇಳಿದ್ದ. ಬಾಗಿಲ ಹೊರಗೆ ನಿಂತು ಹೇಳಿದ ಮೂರು ಮಾತಿನಲ್ಲಿ ಕೊನೆಯದು ಅದೇ. ಪಾಸಾಗುತ್ತಾಳೋ ಇಲ್ಲವೋ ಎನ್ನುವುದನ್ನು ಹಿಡಿದುಕೊಂಡು ನಾವು ಎರಡು ವಾರ ಕವಡೆ, ಬೀಜ, ಗುಳಿ ಎಂದು ಓಡಾಡಿದೆವು. ಮರಿ ನೋಡುವವರು ಯಾರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತೋ ಇಲ್ಲವೋ, ಅದು ಬೇರೆ. ಗೋವಿನಕೋವಿಯ ತಮ್ಮನಿಗೆ ಫೋನ್ ಮಾಡಿ, ಹಿಂಡು ನಮ್ಮ ಗದ್ದೆಗೆ ಬಂದರೆ ಆ ಹುಡುಗಿಯನ್ನು ಇರುವಷ್ಟು ದಿನವಾದರೂ ಊರ ಶಾಲೆಯಲ್ಲಿ ಕೂರಿಸು ಎಂದಿದ್ದೇನೆ. ಆಯಿತಕ್ಕ, ಆದರೆ ಆಗ ಮರಿಗಳ ಹತ್ತಿರ ಯಾರಿರ್ತಾರೆ ಎಂದು ಅವನು ಕೇಳಿದ. ನಾನು ಹೈಸ್ಕೂಲಿನವರೆಗೆ ಲೆಕ್ಕದಲ್ಲಿ ಫಸ್ಟ್ ಬರುತ್ತಿದ್ದವಳು.

ದುರ್ಗಾ ಈಗ ದಿನಾ ಲೆಕ್ಕ ಮಾಡುತ್ತಾಳೆ, ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಅವತ್ತು ಬೀಜ ಹಂಚುತ್ತಾ ಹಂಚುತ್ತಾ ಲಚ್ಚಿಯ ಗುಳಿ ಬಂದಾಗ ಒಂದು ಗಳಿಗೆ ಕೈ ತಡೆದು, ಅದಕ್ಕೂ ಒಂದು ಹಾಕಿ ಮುಂದೆ ಹೋದಳು. ಯಾರೂ ಬೇಡ ಅನ್ನಲಿಲ್ಲ. ಮಕ್ಕಳೆಲ್ಲ ಬೀಜ ನೋಡುತ್ತಿದ್ದರು. ನಾನು ಟೀಚರ ಮುಖ ನೋಡಿದೆ, ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ಪ್ರಶ್ನೆಯನ್ನು ಪೂರ್ತಿ ಓದು ಎಂದು ದಿನಕ್ಕೆ ಹತ್ತು ಸಲ ಆ ಮಗುವಿಗೆ ಹೇಳಿದ ನಾವು, ಅವರಪ್ಪ ಕೇಳಿದ್ದನ್ನು ಯಾವ ಸಾಲಿನವರೆಗೆ ಓದಿದ್ದೆವು?